ಗೋಡೆಗೆ ತೂಗುಹಾಕಿದ ಲೆಕ್ಕ

ಬಡಿಗನ ಚಪ್ಪರದಲ್ಲಿ ಕಟ್ಟಿಗೆಯ ತುಂಡುಗಳು ಎರಡು ಬಗೆ. ಒಂದು, ಒಲೆಗೆ ಹೋಗತಕ್ಕದ್ದು. ಇನ್ನೊಂದು, ಗೋಡೆಯ ಮೊಳೆಗೆ ತೂಗತಕ್ಕದ್ದು. ಹೊರಗಿನವರ ಕಣ್ಣಿಗೆ ಎರಡೂ ಒಂದೇ. ಯಾವುದು ಯಾವುದೆಂಬುದನ್ನು ಬಲ್ಲವನು ಬಡಿಗನೊಬ್ಬನೇ. ಈ ಸಲದ ನಮ್ಮ ಮಾತು ಆ ಎರಡನೆಯ ಬಗೆಯ ತುಂಡುಗಳನ್ನು ಕುರಿತದ್ದು. ಅವೂ ಒಲೆಯ ಪಾಲಾಗುವ ಕಾಲ ಬಂದಿತೇ ಎಂಬ ಪ್ರಶ್ನೆಯನ್ನು ಕುರಿತದ್ದು.

ಕಳೆದ ಚಳಿಗಾಲದಲ್ಲಿ ನಾವು ಏಳನೆಯ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ನಮ್ಮ ಕಂದಲಗಾಂವದ ಹಿರಿಯ ಬಡಿಗರೊಬ್ಬರ ಚಪ್ಪರಕ್ಕೆ ಹೋದೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ಒಳ್ಳೆಯ ಮಾತುಂಟು. ಆರರಿಂದ ಎಂಟನೆಯ ಇಯತ್ತೆಯ ನಡುವೆ ಮಕ್ಕಳು ಹತ್ತು ದಿನ ದಪ್ತರವಿಲ್ಲದೆ ಬಡಿಗ, ಕುಂಬಾರ, ತೋಟಗಾರ, ಕಲಾವಿದ ಮೊದಲಾದ ಸ್ಥಳೀಯ ಕುಶಲಿಗಳ ಬಳಿ ಕಲಿಯಬೇಕೆಂಬುದು ಅದು. ಮಾತು ಹೊಸದಲ್ಲ. 1937ರಲ್ಲಿ ವರ್ಧಾದಲ್ಲಿ ಕೂಡಿದ ಶಿಕ್ಷಣ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧಿಯವರು ಕೈಕಸಬನ್ನೇ ನಡುಗಂಬವಾಗಿಟ್ಟು ಶಿಕ್ಷಣ ಕೊಡಬೇಕೆಂದು ಪ್ರತಿಪಾದಿಸಿದ್ದರು. ನಾವು ಅಧ್ಯಾಪಕ ತರಬೇತಿಯಲ್ಲಿ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಗುಣ ಪಡೆದವರು. ಶಾಲೆಗೆ ಬಂದ ಮೇಲೆ ಮಾಡಿದ್ದೇನು? ಕಾರ್ಯಾನುಭವದ ತಾಸಿನಲ್ಲಿ ಹಿಂದುಳಿದ ಗಣಿತದ ಪಾಠ ಮುಗಿಸಿದೆವು. ಗಣಿತವು ಕಾರ್ಯಾನುಭವದ ಒಳಗೇ ಇದೆಯೆಂಬುದು ನಮಗೆ ಹೊಳೆದದ್ದು ಕೂದಲು ನರೆತ ಮೇಲೆ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು.

ಚಪ್ಪರದ ಗೋಡೆಯ ತುಂಬ ಕಟ್ಟಿಗೆಯ ಆಕೃತಿಗಳು ತೂಗುತ್ತಿದ್ದವು. ಕೆಲವು ಬಾಗಿದವು, ಕೆಲವು ಮೂಲೆಯುಳ್ಳವು, ಕೆಲವಕ್ಕೆ ತೂತು, ಕೆಲವಕ್ಕೆ ಅಂಚಿನಲ್ಲಿ ಹೊಡೆದ ಅಡ್ಡಪಟ್ಟಿ. ಮಕ್ಕಳು “ಮುತ್ಯಾ, ಇವೇನ್ರಿ?” ಎಂದು ಕೇಳಿದರು. “ಫರ್ಮಾರಿ, ತಮ್ಮಾ. ನಮ್ಮಪ್ಪ ಮಾಡಿದ್ದವು ಅದಾವ, ನಮ್ಮ ಮುತ್ಯಾ ಮಾಡಿದ್ದವೂ ಅದಾವ. ಇವು ಕಟಗಿ ಅಲ್ಲ, ಲೆಕ್ಕ” ಎಂದರು ಹಿರಿಯರು.

ಫರ್ಮಾ ಎಂದರೆ ಒಂದು ಸಲ ಮಾಡಿದ ವಿಚಾರವನ್ನು ಕಟ್ಟಿಗೆಯಲ್ಲಿ ಬರೆದಿಡುವುದು. ಹತ್ತು ತುಂಡು ಒಂದೇ ಅಳತೆಗೆ ಕೊಯ್ಯಬೇಕಾದರೆ ಹತ್ತು ಸಲ ಅಳೆಯುವುದು ಒಂದು ದಾರಿ. ಒಂದು ಸಲ ಅಳೆದು, ಹಲಗೆಯ ಮೇಲೆ ಒಂದು ಅಡ್ಡಪಟ್ಟಿ ಬಡಿದು, ಪ್ರತಿಯೊಂದು ತುಂಡನ್ನೂ ಅದಕ್ಕೆ ತಾಗಿಸಿ ಕೊಯ್ಯುವುದು ಇನ್ನೊಂದು ದಾರಿ. ಮೊದಲನೆಯದರಲ್ಲಿ ತಪ್ಪಲು ಹತ್ತು ಅವಕಾಶಗಳು, ಎರಡನೆಯದರಲ್ಲಿ ಒಂದೇ.

ಹಿರಿಯರು ಇದನ್ನು ಹೇಳದೆ ಮಾಡಿ ತೋರಿಸಿದರು. ವರ್ಗದ ಪುಸ್ತಕಗಳಿಗೆಂದು ಒಂದು ಸಣ್ಣ ಕಪಾಟು ಮಾಡುವುದಿತ್ತು. ಇಪ್ಪತ್ತು ಸೆಂಟಿಮೀಟರಿನ ಹನ್ನೆರಡು ಪಟ್ಟಿಗಳು ಬೇಕಾಗಿದ್ದವು. ಹನ್ನೆರಡು ಮಕ್ಕಳಿಗೆ ಒಂದೊಂದು ಕೊಯ್ಯಲು ಹೇಳಿದರು. ಮಕ್ಕಳು ಮೊದಲನೆಯ ಪಟ್ಟಿಯನ್ನು ಎರಡನೆಯದರ ಮೇಲಿಟ್ಟು ಗೆರೆ ಎಳೆದರು, ಎರಡನೆಯದನ್ನು ಮೂರನೆಯದರ ಮೇಲೆ, ಮೂರನೆಯದನ್ನು ನಾಲ್ಕನೆಯದರ ಮೇಲೆ. ಕೊನೆಯ ಪಟ್ಟಿಯನ್ನು ಮೊದಲನೆಯದರ ಪಕ್ಕಕ್ಕೆ ಹಿಡಿದಾಗ ಅದು ಹೆಚ್ಚುಕಡಿಮೆ ಬೆರಳಗಲ ಉದ್ದವಾಗಿತ್ತು. ಮಕ್ಕಳು ನಕ್ಕರು. ನಾವು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದೆವು: ಪ್ರತಿ ಪಟ್ಟಿ ತನ್ನ ಹಿಂದಿನದಕ್ಕಿಂತ ಒಂದೇ ಒಂದು ಮಿಲಿಮೀಟರು ಬೆಳೆದರೆ ಹನ್ನೆರಡನೆಯದು ಮೊದಲನೆಯದಕ್ಕಿಂತ ಹನ್ನೊಂದು ಮಿಲಿಮೀಟರು ಬೆಳೆದಿರುತ್ತದೆ. ಬಳಿಕ ಹಿರಿಯರು ಅಡ್ಡಪಟ್ಟಿಯೊಂದನ್ನು ಬಡಿದುಕೊಟ್ಟರು. ಹೊಸ ಹನ್ನೆರಡು ಪಟ್ಟಿಗಳು ಸಾಲಾಗಿ ನಿಂತಾಗ ಅವುಗಳ ತಲೆಯ ಮೇಲೆ ಅಂಗೈ ಸವರಿದರೂ ಏರುಪೇರು ತಿಳಿಯಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ನಡೆದರೆ ದಾರಿ ತಪ್ಪುತ್ತದೆ, ಎಲ್ಲರೂ ಒಂದೇ ಪ್ರಮಾಣವನ್ನು ನೋಡಿ ನಡೆಯಬೇಕು ಎಂಬ ನೀತಿಯನ್ನು ನಾವು ಪುಸ್ತಕದಿಂದ ಎಷ್ಟೋ ಸಲ ಬೋಧಿಸಿದ್ದೆವು. ಅಂದಿನಷ್ಟು ಸ್ಪಷ್ಟವಾಗಿ ಎಂದೂ ಬೋಧಿಸಿರಲಿಲ್ಲ.

ಗೋಡೆಯ ಮೇಲಿನ ಫರ್ಮಾಗಳಲ್ಲಿ ಒಂದು ಕೂರಿಗೆಯದು. ನಮ್ಮ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಸಾಲುಗಳ ನಡುವೆ 45 ಸೆಂಟಿಮೀಟರು, ಅಂದರೆ ಸುಮಾರು ಹದಿನೆಂಟು ಇಂಚು ಅಂತರವಿರಬೇಕೆಂದು ಕೃಷಿ ಶಾಸ್ತ್ರಜ್ಞರು ಹೇಳುತ್ತಾರೆ. ಆ ಅಂತರ ಹೊಲದಲ್ಲಿ ಹುಟ್ಟುವುದಿಲ್ಲ, ಬಡಿಗನ ಚಪ್ಪರದಲ್ಲಿ ಹುಟ್ಟುತ್ತದೆ. ಕೂರಿಗೆಯ ತಾಳುಗಳನ್ನು ಕೂಡಿಸುವ ತೂತುಗಳ ಅಂತರವೇ ಸಾಲಿನ ಅಂತರ. ಬೆಳೆ ಎದ್ದ ಮೇಲೆ ಅದೇ ಸಾಲುಗಳ ನಡುವೆ ಎಡೆಕುಂಟೆ ಹೋಗಬೇಕು. ಕೂರಿಗೆ ಒಂದು ಅಳತೆಯದು, ಕುಂಟೆ ಇನ್ನೊಂದು ಅಳತೆಯದು ಆದರೆ ಕುಂಟೆಯ ಕುಡ ಕಳೆಯನ್ನು ಬಿಟ್ಟು ಬೆಳೆಯನ್ನೇ ಕೊಯ್ಯುತ್ತದೆ. ಆದುದರಿಂದ ಎರಡಕ್ಕೂ ಒಂದೇ ಫರ್ಮಾ. ಅಪ್ಪ ಮಾಡಿದ ಕೂರಿಗೆಗೆ ಮಗ ಮಾಡಿದ ಕುಂಟೆ ಹೊಂದಬೇಕಾದರೆ ಇಬ್ಬರ ನಡುವೆ ಆ ತುಂಡು ಹಲಗೆ ಸಾಕ್ಷಿಯಾಗಿ ನಿಲ್ಲಬೇಕು.

ಇನ್ನೊಂದು ಚಕ್ಕಡಿಯ ಗಾಲಿಯದು. ಹನ್ನೆರಡು ಅರಗಳ ಗಾಲಿಗೆ ಗುರುತು ಹಾಕುವ ಬಗೆಯನ್ನು ಹಿರಿಯರು ನೆಲದ ಮೇಲೆ ತೋರಿಸಿದರು. ದಾರಕ್ಕೆ ಮೊಳೆ ಕಟ್ಟಿ ವೃತ್ತ ಬರೆದರು. ದಾರದ ಉದ್ದವನ್ನು ಬದಲಿಸದೆ ಪರಿಘದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಇಡುತ್ತ ಹೋದರು. ಆರನೆಯ ಹೆಜ್ಜೆ ಸರಿಯಾಗಿ ಮೊದಲಿನ ಗುರುತಿಗೇ ಬಂದು ಕೂತಿತು. ಆರು ಭಾಗಗಳನ್ನು ಎರಡೆರಡು ಮಾಡಿದರೆ ಹನ್ನೆರಡು. ಒಂದೊಂದು ಮೂವತ್ತು ಅಂಶದ ಕೋನ. ತ್ರಿಜ್ಯಕ್ಕೆ ಸಮನಾದ ಜ್ಯಾ ಕೇಂದ್ರದಲ್ಲಿ ಅರುವತ್ತು ಅಂಶದ ಕೋನವನ್ನು ಮಾಡುತ್ತದೆ ಎಂದು ನಾವು ಇಪ್ಪತ್ತೈದು ವರ್ಷಗಳಿಂದ ಕರಿಹಲಗೆಯ ಮೇಲೆ ಬರೆಯುತ್ತಿದ್ದೇವೆ. ಆ ಬಡಿಗರು ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯ ತನಕ.

ಇಷ್ಟರಲ್ಲಿ ಹಿರಿಯರ ಮೊಮ್ಮಗ ಬಂದ. ಐ.ಟಿ.ಐ. ಮುಗಿಸಿ ಪುಣೆಯ ಕಡೆಯ ಪೀಠೋಪಕರಣದ ಕಾರಖಾನೆಯೊಂದರಲ್ಲಿ ಗಣಕಯಂತ್ರ ನಡೆಸುವ ಕತ್ತರಿ ಮೇಜಿನ ಮೇಲೆ ಕೆಲಸ ಮಾಡುವ ಹುಡುಗ, ರಜೆಗೆ ಬಂದಿದ್ದ. ಅವನು ತನ್ನ ಮೊಬೈಲಿನಲ್ಲಿ ಒಂದು ಚಲಚ್ಚಿತ್ರ ತೋರಿಸಿದ. ಅದನ್ನು ಕಂಡು ಮಕ್ಕಳು ಮಾತ್ರವಲ್ಲ, ನಾವೂ ಬೆರಗಾದೆವು.

ರೂಟರ್ ಎಂಬ ಯಂತ್ರವನ್ನು ವಾಚಕರಲ್ಲಿ ಹಲವರು ಬಾಗಿಲು ಮಾಡುವ ಅಂಗಡಿಗಳಲ್ಲಿ ಕಂಡಿರಬಹುದು. ಎರಡು ಕೈಗಳಲ್ಲಿ ಹಿಡಿಯುವ ಮೋಟಾರು. ಕೆಳಗೆ ಚೂಪಾದ ಅಲಗು. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತ ಹಲಗೆಯಲ್ಲಿ ಗಾಡಿ ಕೊರೆಯುತ್ತದೆ. ಈ ಯಂತ್ರಕ್ಕೆ ಬಲವುಂಟು, ಕಣ್ಣಿಲ್ಲ. ಆದುದರಿಂದಲೇ ಅದನ್ನು ಫರ್ಮಾದ ಅಂಚಿಗೆ ತಾಗಿಸಿ ನಡೆಸಬೇಕಾಗುತ್ತದೆ. ಮೊಮ್ಮಗ ತೋರಿಸಿದ್ದು ಕಣ್ಣುಳ್ಳ ರೂಟರ್. ಅಮೇರಿಕೆಯ ಎಂ.ಐ.ಟಿ. ಸಂಸ್ಥೆಯಲ್ಲಿ ಅಲೆಕ್ ರಿವರ್ಸ್, ಇಲಾನ್ ಮೋಯರ್, ಫ್ರೆಡೋ ಡ್ಯುರಾಂಡ್ ಎಂಬವರು ಇದರ ತತ್ವವನ್ನು 2012ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟಿಸಿದರು. ಅದರಿಂದ ಹುಟ್ಟಿದ ಯಂತ್ರಕ್ಕೆ ಶೇಪರ್ ಒರಿಜಿನ್ ಎಂದು ಹೆಸರು.

ಇದು ಕೆಲಸ ಮಾಡುವ ಬಗೆ ಹೀಗೆ. ಹಲಗೆಯ ಮೇಲೆ ಕಪ್ಪು-ಬಿಳಿಯ ಗುರುತುಗಳುಳ್ಳ ಅಂಟುಪಟ್ಟಿಗಳನ್ನು ಹಚ್ಚುತ್ತಾರೆ. ಯಂತ್ರದ ಕ್ಯಾಮೆರಾ ಆ ಗುರುತುಗಳನ್ನು ನೋಡಿ ತಾನು ಹಲಗೆಯ ಮೇಲೆ ಎಲ್ಲಿದ್ದೇನೆಂದು ತಿಳಿಯುತ್ತದೆ. ಕೊರೆಯಬೇಕಾದ ಚಿತ್ರ ಅದರ ಪರದೆಯ ಮೇಲೆ ಕಾಣುತ್ತದೆ. ಮನುಷ್ಯ ಯಂತ್ರವನ್ನು ಹಿಡಿದು ಗೆರೆಯ ಹತ್ತಿರ ಹತ್ತಿರ ನಡೆಸುತ್ತಾನೆ. ಅವನ ಕೈ ತುಸು ಎಡಕ್ಕೆ ಸರಿದರೆ ಒಳಗಿನ ಅಲಗು ಅಷ್ಟೇ ಬಲಕ್ಕೆ ಸರಿದು ಗೆರೆಯ ಮೇಲೆಯೇ ಉಳಿಯುತ್ತದೆ. ಕೈ ಬಹಳ ದೂರ ಹೋದರೆ ಅಲಗು ತಾನಾಗಿ ಮೇಲಕ್ಕೆದ್ದು ಕೆಲಸ ನಿಲ್ಲುತ್ತದೆ. ನಮಗೆ ಕೂಡಲೆ ನೆನಪಾದದ್ದು ಒಂದನೆಯ ಇಯತ್ತೆ. ಮಗುವಿನ ಮುಷ್ಟಿಯ ಮೇಲೆ ತನ್ನ ಕೈಯಿಟ್ಟು ಪಾಟಿಯ ಮೇಲೆ ‘ಅ’ ತಿದ್ದಿಸುವ ಶಿಕ್ಷಕನ ಕೆಲಸವೂ ಇದೇ ಅಲ್ಲವೆ?

ಇಲ್ಲಿ ಸೊಲ್ಲಾಪುರದವರಾದ ನಮಗೆ ಹೆಮ್ಮೆಪಡಲು ಒಂದು ಕಾರಣವುಂಟು. ಈ ಯಂತ್ರದ ವಂಶವೃಕ್ಷದಲ್ಲಿ ನಮ್ಮ ಮನೆಯ ಚಾದರವೂ ಸೇರಿದೆ. ಜಕಾರ್ಡ ಮಗ್ಗದ ಮೇಲೆ ಸಾಲಾಗಿ ಹೊಲಿದ ತೂತುಕಾರ್ಡುಗಳನ್ನು ಕಾರಖಾನೆಯಲ್ಲಿ ದುಡಿದ ನಮ್ಮ ಎಷ್ಟೋ ಬಂಧುಗಳು ಬಲ್ಲರು. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗುಳಿಯುತ್ತದೆ. ಹೂವು, ನವಿಲು ಮೂಡುತ್ತವೆ. ಆ ಕಾರ್ಡು ನೇಕಾರನ ಫರ್ಮಾ. ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ 1804ರಲ್ಲಿ ಈ ಸಾಧನವನ್ನು ರೂಪಿಸಿದ. ಅದೇ ತೂತುಕಾರ್ಡಿನ ಉಪಾಯದಿಂದ ಹರ್ಮನ್ ಹೊಲೆರಿತ್ 1890ರ ಅಮೇರಿಕೆಯ ಜನಗಣತಿಯ ಲೆಕ್ಕವನ್ನು ಯಂತ್ರದಿಂದ ಮಾಡಿಸಿದ. ತೂತು ಹೊಡೆದ ಪಟ್ಟಿಯ ಆಜ್ಞೆಯಂತೆ ಲೋಹ ಕೊರೆಯುವ ಯಂತ್ರವನ್ನು 1952ರಲ್ಲಿ ಅದೇ ಎಂ.ಐ.ಟಿ.ಯಲ್ಲಿ ನಡೆಸಿ ತೋರಿಸಿದರು. ಅರುವತ್ತು ವರ್ಷಗಳ ಮೇಲೆ ಅದು ಬಡಿಗನ ಕೈಯೊಳಗೆ ಬಂದು ಕೂತಿತು. ಫರ್ಮಾ ಸತ್ತು ಯಂತ್ರ ಹುಟ್ಟಿತೆಂದು ಹೇಳುವುದು ಸರಿಯಲ್ಲ. ಕಟ್ಟಿಗೆಯ ಫರ್ಮಾ ಕಾಗದದ್ದಾಯಿತು, ಕಾಗದದ್ದು ಕಣ್ಣಿಗೆ ಕಾಣದ ಅಂಕಿಗಳದ್ದಾಯಿತು, ಅಷ್ಟೆ.

ಹಾಗಾದರೆ ಯಾವುದು ಮೇಲು? ಮಕ್ಕಳು ಕೇಳಿದ್ದೂ ಇದನ್ನೇ. ನಾವು ತಕ್ಕಡಿ ಹಿಡಿದು ನೋಡೋಣ.

ಒಂದೇ ಆಕಾರದ ನೂರು ತುಂಡು ಬೇಕಾದಲ್ಲಿ ಫರ್ಮಾ ಸೋಲಲಾರದು. ಅರ್ಧ ದಿನ ಕೂತು ಒಂದು ಫರ್ಮಾ ಮಾಡಿಕೊಂಡರೆ ಆ ಅರ್ಧ ದಿನ ನೂರು ತುಂಡುಗಳ ಮೇಲೆ ಹಂಚಿಹೋಗುತ್ತದೆ. ಆದರೆ ಒಂದೇ ಒಂದು ತುಂಡು ಬೇಕು, ನಾಳೆ ಬೇರೆಯೇ ಆಕಾರ ಬೇಕು ಎಂದರೆ ಪ್ರತಿಯೊಂದಕ್ಕೂ ಫರ್ಮಾ ಮಾಡುತ್ತ ಕೂಡ್ರಲಾಗದು. ಅಲ್ಲಿ ಚಿತ್ರವೊಂದನ್ನು ಬರೆದರೆ ಸಾಕೆನ್ನುವ ಯಂತ್ರ ಗೆಲ್ಲುತ್ತದೆ. ಮೈಸೂರಿನ ಬೀಟೆಮರದ ಕೆತ್ತನೆಯ ಫಲಕಗಳನ್ನು ನೆನೆಯಿರಿ. ಒಂದು ಮರದಲ್ಲಿ ತಗ್ಗು ತೆಗೆದು ಇನ್ನೊಂದು ಬಣ್ಣದ ಮರದ ಚೂರನ್ನು ಕೂದಲೆಳೆಯ ಸಂದೂ ಉಳಿಯದಂತೆ ಕೂಡಿಸುವ ಕೆಲಸ ಅದು. ಅಂತಹ ಕೆಲಸದಲ್ಲಿ ತಗ್ಗನ್ನೂ ಚೂರನ್ನೂ ಒಂದೇ ಚಿತ್ರದಿಂದ ಕೊರೆಯಬಲ್ಲ ಯಂತ್ರದ ಉಪಯೋಗ ದೊಡ್ಡದು.

ಬೆಲೆಯ ಮಾತು ಬೇರೆ. ಫರ್ಮಾ ಉಳಿದ ತುಂಡಿನಿಂದ ಆಗುತ್ತದೆ. ಮುರಿದರೆ ಸಂಜೆಯೊಳಗೆ ಇನ್ನೊಂದು. ಆ ಯಂತ್ರದ ಬೆಲೆ ಎರಡು ಸಾವಿರ ಡಾಲರಿಗೂ ಮಿಕ್ಕಿದ್ದು, ನಮ್ಮ ಹಣದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. 2023ರ ಸೆಪ್ಟೆಂಬರದಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಬಡಿಗತನವೂ ಸೇರಿ ಹದಿನೆಂಟು ಕಸಬುಗಳಿವೆ. ಅದರಲ್ಲಿ ಉಪಕರಣಗಳಿಗೆ ದೊರೆಯುವ ಸಹಾಯ 15,000 ರೂಪಾಯಿ. ಶೇಕಡಾ 5ರ ಬಡ್ಡಿಯಲ್ಲಿ ದೊರೆಯುವ ಸಾಲ ಮೊದಲು ಒಂದು ಲಕ್ಷ, ಬಳಿಕ ಎರಡು ಲಕ್ಷ. ಸಾಲದಿಂದ ಯಂತ್ರ ಬಂದೀತು. ಅದು ಕೆಟ್ಟು ನಿಂತ ದಿನ ರಿಪೇರಿಗೆ ಯಾರ ಬಾಗಿಲಿಗೆ ಹೋಗುವುದು? ಇನ್ನು, ಯಂತ್ರದ ಕಣ್ಣು ಅಂಟುಪಟ್ಟಿಯ ಗುರುತನ್ನು ಕಾಣುತ್ತದೆ, ಕಟ್ಟಿಗೆಯ ನಾರನ್ನು ಕಾಣುವುದಿಲ್ಲ. ನಾರಿಗೆ ಎದುರಾಗಿ ನಡೆದರೆ ಜಾಲಿ ಸಿಬಿರೇಳುತ್ತದೆ ಎಂಬುದನ್ನು ತಿಳಿಯಬೇಕಾದದ್ದು ಹಿಡಿದ ಕೈಯೇ.

ಇಷ್ಟು ಹೇಳಿ ಹಳೆಯದೇ ಹೊನ್ನು ಎಂದು ಮುಗಿಸುವುದು ಸುಲಭ. ಆದರೆ ನ್ಯಾಯವಾಗಲಾರದು. ನಮ್ಮ ಮನಸ್ಸನ್ನು ಚುಚ್ಚಿದ ಎರಡು ಸಂಗತಿಗಳನ್ನು ವಾಚಕರ ಮುಂದಿಡಲೇಬೇಕು.

ಮೊದಲನೆಯದು: ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಹಿರಿಯರನ್ನು ಕೇಳಿದಳು, “ಮುತ್ಯಾ, ಈ ಫರ್ಮಾ ನನಗ ಕೊಟ್ಟರ ನಾನೂ ಗಾಲಿ ಮಾಡಬಹುದೇನ್ರಿ?” ಹಿರಿಯರು ಬಹಳ ಹೊತ್ತು ಸುಮ್ಮನಿದ್ದು “ಹೆಣ್ಣುಮಕ್ಕಳು ಯಾರೂ ಕೇಳಿದ್ದಿಲ್ಲವಾ” ಎಂದರು. ಫರ್ಮಾ ಅಪ್ಪನಿಂದ ಮಗನಿಗೆ ಬಂದಿತೆಂದು ನಾವು ಹೊಗಳಿದೆವು. ಅಪ್ಪನಿಂದ ಮಗನಿಗೆ ಮಾತ್ರ ಬಂದಿತು ಎಂಬುದೂ ಅಷ್ಟೇ ನಿಜ. ಬೇರೆ ಮನೆಯ ಹುಡುಗನಿಗೆ, ಮನೆಯದೇ ಹುಡುಗಿಗೆ ಆ ಗೋಡೆ ಮುಟ್ಟಲಾಗದ ಗೋಡೆಯಾಗಿತ್ತು. ಯಂತ್ರ ಹಿಡಿದವರ ಕುಲವನ್ನು ಕೇಳುವುದಿಲ್ಲ.

ಎರಡನೆಯದು: ಆ ದಿನವೆಲ್ಲ ಹಿರಿಯರು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡೇ ಇದ್ದರು. ಉಳಿ ಹಿಡಿದರೆ ಕೈ ನಡುಗುತ್ತದೆ. ಎರಡು ವರ್ಷಗಳಿಂದ ಹೊಸ ಕೆಲಸ ಹಿಡಿದಿಲ್ಲ. ಚಲಚ್ಚಿತ್ರ ಮುಗಿದ ಮೇಲೆ ಅವರು ಮೊಮ್ಮಗನನ್ನು ಕೇಳಿದ್ದು ಒಂದೇ ಮಾತು: “ಕೈ ನಡುಗಿದರೂ ಗೆರಿ ಸರಳ ಬರತದೇನೋ ಅದರಾಗ?” “ಬರತದ ಮುತ್ಯಾ” ಎಂದ ಹುಡುಗ. ಹಿರಿಯರು ಮೊಬೈಲನ್ನು ತಿರುಗಿ ಕೈಗೆ ತೆಗೆದುಕೊಂಡು ಇನ್ನೊಮ್ಮೆ ನೋಡಿದರು. ಅವರ ಮುಖವನ್ನು ನೋಡಿದವರು ಯಾರೂ ಯಂತ್ರವನ್ನು ಹಳಿಯಲಾರರು.

ಹೊರಡುವ ಹೊತ್ತಿಗೆ ಬಚ್ಚಲ ಒಲೆಯ ಪಕ್ಕದಲ್ಲಿ ನಮ್ಮ ಕಣ್ಣು ಬಿತ್ತು. ಸೌದೆಯ ರಾಶಿಯಲ್ಲಿ ಬಾಗಿದ ತುಂಡುಗಳು, ತೂತುಳ್ಳ ತುಂಡುಗಳು ಬಿದ್ದಿದ್ದವು. ಕೇಳಿದಾಗ ಹಿರಿಯರು ಹೇಳಿದರು: “ಟ್ರ್ಯಾಕ್ಟರ್ ಕೂರಿಗಿ ಬಂದಾವ ಗುರುಗಳ. ಚಕ್ಕಡಿ ಯಾರೂ ಮಾಡಸೂದಿಲ್ಲ. ಹುಡುಗ ಪುಣೆದಾಗ ಇರಾಂವ. ಗೋಡಿಮ್ಯಾಲ ಇಟ್ಟು ಮಾಡೂದೇನದ? ಅರ್ಧ ನೀರ ಕಾಸಿದ್ದಾತು.” ಮೂರು ತಲೆಮಾರಿನ ಲೆಕ್ಕ ನೀರಿನ ಹಂಡೆಯ ಕೆಳಗೆ ಉರಿದುಹೋಗಿತ್ತು. ನಾಲ್ಕು ಹೆಜ್ಜೆ ದೂರದಲ್ಲಿ ಶಾಲೆ. ಅದರಲ್ಲಿ ಗಣಿತ ಕಲಿಸುವ ನಾವು. ಇಷ್ಟು ವರ್ಷ ಒಂದು ದಿನವೂ ಈ ಚಪ್ಪರದೊಳಗೆ ಕಾಲಿಟ್ಟಿರಲಿಲ್ಲ. ತಪ್ಪು ಯಂತ್ರದ್ದೆನ್ನಲು ನಮಗೆ ಬಾಯಿ ಬರಲಿಲ್ಲ.

ಉಳಿದ ದಪ್ತರವಿಲ್ಲದ ದಿನಗಳನ್ನು ನಾವು ಅಲ್ಲಿಯೇ ಕಳೆದೆವು. ಗೋಡೆಯ ಮೇಲೆಯೂ ಸೌದೆಯಲ್ಲಿಯೂ ಕೂಡಿ ಮೂವತ್ತೇಳು ಫರ್ಮಾಗಳು ಸಿಕ್ಕವು. ಮಕ್ಕಳು ಒಂದೊಂದನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದರು, ಅಳತೆ ಬರೆದರು, ಇದು ಯಾವುದರದು, ಯಾವ ಕಟ್ಟಿಗೆಗೆ, ಹೇಗೆ ಹಿಡಿಯಬೇಕು ಎಂದು ಹಿರಿಯರನ್ನು ಕೇಳಿ ಕನ್ನಡದಲ್ಲಿ ಬರೆದರು. ನಮಗೆ ಗೊತ್ತಿರದ ಎಷ್ಟೋ ಕನ್ನಡ ಮಾತುಗಳು ಆ ವಹಿಯಲ್ಲಿವೆ. ಮೊಮ್ಮಗ ಆ ಚಿತ್ರಗಳ ಫೋಟೋ ತೆಗೆದುಕೊಂಡ. ಗಣಕಯಂತ್ರ ಓದಬಲ್ಲ ರೇಖಾಚಿತ್ರಗಳನ್ನಾಗಿ ಮಾಡಿ ಇಡುತ್ತೇನೆಂದ.

ಕೊನೆಯ ದಿನ ಹಿರಿಯರು ವಹಿಯನ್ನು ಪುಟ ಪುಟವಾಗಿ ತಿರುವಿದರು. “ಚೊಲೋ ಆಗೇದ. ಆದರ ಒಂದು ಬಿಟ್ಟೀರಿ” ಎಂದರು. ನಾವು ಅಳತೆಯ ತಪ್ಪೆಂದು ಭಾವಿಸಿದೆವು. ಹಾಗಲ್ಲ. “ಯಾವ ಅಂಚು ನಂಬಿಗಿದು ಅಂತ ಬರದಿಲ್ಲಲ್ಲರಿ” ಎಂದರು. ಫರ್ಮಾದ ಎಲ್ಲ ಅಂಚುಗಳೂ ಸಮನಲ್ಲ. ಒಂದೇ ಒಂದು ಅಂಚನ್ನು ಮೂಲೆಮಟ್ಟ ಹಿಡಿದು, ರಂದಾ ಹೊಡೆದು ಸರಿಮಾಡಿರುತ್ತಾರೆ. ಎಲ್ಲ ಅಳತೆಗಳೂ ಅಲ್ಲಿಂದಲೇ ಹೊರಡಬೇಕು. ಉಳಿದ ಅಂಚುಗಳು ಹಿಡಿಯಲು ಮಾತ್ರ. ಇದನ್ನು ಕೇಳಿ ಮೊಮ್ಮಗ ತಲೆದೂಗಿದ. ಕಾರಖಾನೆಯಲ್ಲಿಯೂ ಹಾಗೆಯೇ, ಹಲಗೆಯ ಒಂದು ಮೂಲೆಯಿಂದ ಯಂತ್ರ ಎಣಿಕೆ ಆರಂಭಿಸುತ್ತದೆ, ಆ ಮೂಲೆ ತಪ್ಪಿದರೆ ಇಡೀ ಹಲಗೆ ಹಾಳು ಎಂದ. ಕಟ್ಟಿಗೆಯ ಫರ್ಮಾಕ್ಕೂ ಅಂಕಿಯ ಫರ್ಮಾಕ್ಕೂ ಬೇಕಾದ ಮೊದಲ ತಿಳಿವಳಿಕೆ ಒಂದೇ. ಅದು ಯಂತ್ರದೊಡನೆ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ಮೂವತ್ತೇಳು ಪುಟಗಳ ಮೇಲೂ ಮಕ್ಕಳು ಹಿರಿಯರನ್ನು ಕೇಳುತ್ತ ನಂಬಿಗೆಯ ಅಂಚಿಗೆ ಕೆಂಪು ಗೆರೆ ಎಳೆದರು. ಗಾಲಿಯ ಫರ್ಮಾದ ಪುಟಕ್ಕೆ ಗೆರೆ ಎಳೆದವಳು ಆ ಪ್ರಶ್ನೆ ಕೇಳಿದ ಹುಡುಗಿ. ಹಿರಿಯರು ಆ ಫರ್ಮಾವನ್ನು ಗೋಡೆಯಿಂದ ಇಳಿಸಿ ಅವಳ ಕೈಗೇ ಕೊಟ್ಟರು. ಈಗ ಅದು ನಮ್ಮ ಶಾಲೆಯ ಗೋಡೆಯ ಮೇಲಿದೆ. ವೃತ್ತದ ಪಾಠಕ್ಕೆ ಇಳಿಸುತ್ತೇವೆ.

ಸಾಲ ತೆಗೆದು ಸೊಲ್ಲಾಪುರದಲ್ಲಿ ಸ್ವಂತ ಯಂತ್ರ ಹಾಕುವುದೇ, ಪುಣೆಯಲ್ಲಿಯೇ ಇರುವುದೇ ಎಂಬುದನ್ನು ಮೊಮ್ಮಗ ಇನ್ನೂ ನಿರ್ಧರಿಸಿಲ್ಲ. ನಾವು ಸಲಹೆ ಕೊಡಲು ಹೋಗಲಿಲ್ಲ. ಅವನ ಹೊಟ್ಟೆಯ ಪ್ರಶ್ನೆ ಅದು. ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ: ನಿಮ್ಮ ಊರಲ್ಲಿಯೂ ಇಂತಹ ಒಂದು ಚಪ್ಪರವಿದ್ದರೆ, ಅದರ ಗೋಡೆಯ ಮೇಲೆ ಇನ್ನೂ ಏನಾದರೂ ತೂಗುತ್ತಿದ್ದರೆ, ಮನೆಯ ಮಗುವಿನ ಕೈಯಲ್ಲಿ ಒಂದು ವಹಿ, ಒಂದು ಪೆನ್ಸಿಲು ಕೊಟ್ಟು ಕಳುಹಿಸಿರಿ. ಜೊತೆಗೆ ಒಂದು ಕೆಂಪು ಪೆನ್ಸಿಲೂ ಇರಲಿ. ನೀರು ಕಾಯಿಸಲು ಬೇರೆ ಕಟ್ಟಿಗೆ ಸಿಕ್ಕೀತು.